ಔಷಧದ ಬೆಲೆ ಇಳಿದಿದೆ, ಹೆತ್ತವರ ಅಲೆದಾಟ ನಿಂತಿಲ್ಲ

ನರಮಂಡಲವನ್ನು ಬಾಧಿಸುವ ಅಪರೂಪದ ಆನುವಂಶಿಕ ಕಾಯಿಲೆಗಳ ಬಗ್ಗೆ ದಕ್ಷಿಣ ಕನ್ನಡದಲ್ಲಿ ನಡೆಯುವ ಸಾರ್ವಜನಿಕ ಚರ್ಚೆ ಹೆಚ್ಚಾಗಿ ಕೋಟಿ ರೂಪಾಯಿಗಳ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳಲ್ಲಿ ಅಡಕೆ ತೋಟದ ಕೂಲಿಯನ್ನೋ, ಬೀಡಿ ಕಟ್ಟುವ ಕೆಲಸವನ್ನೋ, ಕೊಲ್ಲಿ ದೇಶದಿಂದ ಬರುವ ಸಣ್ಣ ಸಂಬಳವನ್ನೋ ನಂಬಿರುವ ಕುಟುಂಬದ ಮಗುವಿಗೆ ಇಂಥ ಕಾಯಿಲೆ ಪತ್ತೆಯಾದರೆ, ಔಷಧವೇನೋ ಇದೆ, ಆದರೆ ಅದು ನಮ್ಮ ಕೈಗೆಟಕುವಂಥದ್ದಲ್ಲ ಎಂಬ ತೀರ್ಮಾನಕ್ಕೆ ಹೆತ್ತವರೂ ಊರವರೂ ಅಧಿಕಾರಿಗಳೂ ಒಟ್ಟಿಗೇ ಬಂದುಬಿಡುತ್ತಾರೆ. 2025ರ ಅಕ್ಟೋಬರ್ ತನಕ ಈ ತೀರ್ಮಾನದಲ್ಲಿ ಹುರುಳಿತ್ತು. ಈಗ ಕನಿಷ್ಠ ಒಂದು ಕಾಯಿಲೆಯ ಮಟ್ಟಿಗೆ ಅದು ಸುಳ್ಳಾಗಿದೆ. ಆದರೂ ಮಗುವಿನ ಚಿಕಿತ್ಸೆಯ ಹೊಣೆಯನ್ನು ದಾನಿಗಳ ಮತ್ತು ಅದೃಷ್ಟದ ಪಾಲಿಗೆ ಬಿಟ್ಟಿರುವ ಪದ್ಧತಿ ಬದಲಾಗಿಲ್ಲ. ಅದು ಬದಲಾಗಲೇಬೇಕಾದ ಕಾಲ ಇದು.

ಆ ಕಾಯಿಲೆಯ ಹೆಸರು ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ, ಸಂಕ್ಷಿಪ್ತವಾಗಿ ಎಸ್‌ಎಂಎ. ಬೆನ್ನುಹುರಿಯಲ್ಲಿರುವ, ಸ್ನಾಯುಗಳಿಗೆ ಚಲನೆಯ ಆಜ್ಞೆಯನ್ನು ಒಯ್ಯುವ ನರಕೋಶಗಳು ಬದುಕುಳಿಯಲು ಒಂದು ಪ್ರೊಟೀನು ಬೇಕು. ಅದನ್ನು ತಯಾರಿಸುವ ಎಸ್‌ಎಂಎನ್1 ಎಂಬ ವಂಶವಾಹಿ ಐದನೇ ವರ್ಣತಂತುವಿನಲ್ಲಿದೆ. ತಂದೆಯಿಂದ ಬಂದ ಪ್ರತಿ ಮತ್ತು ತಾಯಿಯಿಂದ ಬಂದ ಪ್ರತಿ ಎರಡೂ ಕೆಟ್ಟಿದ್ದರೆ ಆ ನರಕೋಶಗಳು ಒಂದೊಂದಾಗಿ ಸಾಯುತ್ತವೆ, ಅವುಗಳನ್ನು ಅವಲಂಬಿಸಿದ ಸ್ನಾಯುಗಳು ಬಳಕೆಯಿಲ್ಲದೆ ಸೊರಗುತ್ತವೆ. ಸರಿಸುಮಾರು 10 ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಬರುವ ಈ ಕಾಯಿಲೆಯ ಅತ್ಯಂತ ತೀವ್ರ ಬಗೆ ಆರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಅಂಥ ಮಗು ಆಧಾರವಿಲ್ಲದೆ ಕೂರುವುದೇ ಇಲ್ಲ, ಚಿಕಿತ್ಸೆಯಾಗಲಿ ಉಸಿರಾಟದ ಯಂತ್ರವಾಗಲಿ ದೊರೆಯದಿದ್ದರೆ ಸಾಮಾನ್ಯವಾಗಿ ಎರಡು ವರ್ಷ ದಾಟುವುದಿಲ್ಲ. ಎರಡನೇ ಬಗೆಯ ಮಕ್ಕಳು ಕೂರುತ್ತಾರೆ, ಸ್ವತಂತ್ರವಾಗಿ ನಡೆಯಲಾರರು. ಮೂರನೇ ಬಗೆಯವರು ನಡೆದರೂ ಮುಂದೊಂದು ದಿನ ಆ ಶಕ್ತಿಯನ್ನು ಕಳೆದುಕೊಳ್ಳಬಹುದು. ಯಾವ ಬಗೆಯಲ್ಲೂ ಬುದ್ಧಿಶಕ್ತಿಗೆ ಊನವಿಲ್ಲ. ಕೈಕಾಲು ಆಡಿಸಲಾಗದ ಮಗು ಎಲ್ಲರನ್ನೂ ಗುರುತಿಸುತ್ತದೆ, ನಗುತ್ತದೆ.

ಈಗಿರುವ ಔಷಧಗಳಲ್ಲಿ ಯಾವುದೂ ಸತ್ತ ನರಕೋಶವನ್ನು ಬದುಕಿಸುವುದಿಲ್ಲ, ಉಳಿದವನ್ನು ಕಾಪಾಡುತ್ತದೆ ಅಷ್ಟೆ. ಆದ್ದರಿಂದ ಈ ಚಿಕಿತ್ಸೆಯಲ್ಲಿ ಹಣಕ್ಕಿಂತ ಮೊದಲು ಬರುವ ಪ್ರಶ್ನೆ ಕಾಲದ್ದು, ಮತ್ತು ಮೂರೂ ತಾಲ್ಲೂಕುಗಳ ಮಕ್ಕಳು ಸೋಲುವುದು ಮೊದಲು ಅಲ್ಲಿಯೇ. ಮಗುವಿಗೆ ಮೂರು ನಾಲ್ಕು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಅಳುವಿನ ದನಿ ಕ್ಷೀಣವಾಗಿದ್ದರೆ, ಉಸಿರಾಡುವಾಗ ಎದೆಗಿಂತ ಹೊಟ್ಟೆಯೇ ಹೆಚ್ಚು ಏರಿಳಿಯುತ್ತಿದ್ದರೆ ಅವು ಸಂಶಯ ಪಡಬೇಕಾದ ಲಕ್ಷಣಗಳು. ಆದರೆ ಕೆಲವು ಮಕ್ಕಳು ಎಲ್ಲದರಲ್ಲೂ ಸ್ವಲ್ಪ ತಡ ಎಂಬ ಮನೆಯ ಹಿರಿಯರ ಸಮಾಧಾನ, ಮೊದಲು ಎಣ್ಣೆ ತಿಕ್ಕಿ ಮೀಯಿಸಿ ನೋಡೋಣ ಎಂಬ ಸಲಹೆ, ಬಲಿವಾಡು, ಹರಕೆ, ಪ್ರಶ್ನೆ ಇಡುವುದು, ನಾಗನಿಗೆ ಸಂಬಂಧಿಸಿದ ದೋಷದ ಪರಿಹಾರ ಇವೆಲ್ಲದರ ನಡುವೆ ತಿಂಗಳುಗಳು ಸರಿದುಹೋಗುತ್ತವೆ. ಕಂಗೆಟ್ಟ ಹೆತ್ತವರಿಗೆ ದೈವದೇವರ ಮೊರೆ ಕೊಡುವ ಧೈರ್ಯವನ್ನು ಕೀಳುಗಾಣುವ ಅಗತ್ಯವಿಲ್ಲ. ಹರಕೆ ಹೊತ್ತವರು ವೈದ್ಯರ ಬಳಿಗೂ ಹೋಗುತ್ತಾರೆ. ಹೋದಾಗ ಎದುರಾಗುವ ವ್ಯವಸ್ಥೆ ಆ ಲಕ್ಷಣಗಳನ್ನು ಗುರುತಿಸುವಷ್ಟು ಸಿದ್ಧವಾಗಿದೆಯೇ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ.

ಕಾಗದದ ಮೇಲೆ ಆ ಸಿದ್ಧತೆ ಇದೆ. ಹದಿನೆಂಟು ವರ್ಷದೊಳಗಿನ ಮಕ್ಕಳ ಜನ್ಮಜಾತ ದೋಷ ಮತ್ತು ಬೆಳವಣಿಗೆಯ ಕುಂಠನವನ್ನು ಬೇಗ ಗುರುತಿಸಲೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಭೇಟಿ ಕೊಡುತ್ತವೆ. ಆದರೆ ಎಸ್‌ಎಂಎಯ ತೀವ್ರ ಬಗೆಯ ಮಗು ಅಂಗನವಾಡಿಯ ಮೆಟ್ಟಿಲು ಹತ್ತುವ ವಯಸ್ಸಿಗೆ ಬರುವುದೇ ಅನುಮಾನ. ಅಂಥ ಮಗುವನ್ನು ಕಾಣುವ ಅವಕಾಶ ಇರುವುದು ಮೂರು, ಆರು, ಒಂಬತ್ತನೇ ತಿಂಗಳುಗಳಲ್ಲಿ ಮನೆಭೇಟಿ ಮಾಡಬೇಕಾದ ಆಶಾ ಕಾರ್ಯಕರ್ತೆಗೆ ಮತ್ತು ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಲಸಿಕೆ ಹಾಕುವ ದಾದಿಗೆ. ಹದಿನಾಲ್ಕನೇ ವಾರದ ಲಸಿಕೆಯ ದಿನ ಮಗುವನ್ನು ಎರಡು ನಿಮಿಷ ಎತ್ತಿ ಹಿಡಿದು, ಕುತ್ತಿಗೆ ಮತ್ತು ಕಾಲುಗಳ ಬಿಗುವನ್ನು ನೋಡಿ, ಸಂಶಯ ಬಂದರೆ ಅದೇ ವಾರ ಮಂಗಳೂರಿಗೆ ಕಳುಹಿಸುವ ಕ್ರಮವನ್ನು ಜಾರಿಗೆ ತರಲು ಹೊಸ ಕಟ್ಟಡವಾಗಲಿ ಹೊಸ ಹುದ್ದೆಯಾಗಲಿ ಬೇಡ, ತರಬೇತಿ ಸಾಕು. ಮುಂದಿನ ಹಂತಕ್ಕೆ ಈ ಭಾಗ ದೇಶದ ಅನೇಕ ಜಿಲ್ಲೆಗಳಿಗಿಂತ ಅನುಕೂಲವಾಗಿದೆ: ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಿದೆ, ಹಲವು ವೈದ್ಯಕೀಯ ಕಾಲೇಜುಗಳಿವೆ, ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ವೈದ್ಯಕೀಯ ತಳಿವಿಜ್ಞಾನಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ರಕ್ತದ ಒಂದು ವಂಶವಾಹಿ ಪರೀಕ್ಷೆಯಿಂದ ಬಹುತೇಕ ರೋಗಿಗಳಲ್ಲಿ ಎಸ್‌ಎಂಎ ಖಚಿತವಾಗುತ್ತದೆ. ಬೆಳ್ತಂಗಡಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್ ದೂರ. ಆ ದೂರವನ್ನು ಕ್ರಮಿಸಲು ಮಗುವಿಗೆ ತಿಂಗಳುಗಟ್ಟಲೆ ಹಿಡಿದರೆ ತಪ್ಪು ರಸ್ತೆಯದ್ದಲ್ಲ.

ಕಾಯಿಲೆ ಖಚಿತವಾದ ಮೇಲೆ ಇನ್ನೊಂದು ನೋವು ಮನೆಯೊಳಗೇ ಹುಟ್ಟುತ್ತದೆ, ಅದರ ಬಹುಪಾಲು ತಾಯಿಯ ತಲೆಗೆ ಬರುತ್ತದೆ. ಈ ಕಾಯಿಲೆಯಲ್ಲಿ ತಂದೆ ತಾಯಿ ಇಬ್ಬರೂ ಒಂದೊಂದು ದೋಷಯುಕ್ತ ಪ್ರತಿಯ ವಾಹಕರಾಗಿರುತ್ತಾರೆ, ಇಬ್ಬರೂ ಪೂರ್ಣ ಆರೋಗ್ಯವಂತರಾಗಿರುತ್ತಾರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರ ಸಂಬಂಧದ ಮದುವೆಗಳಲ್ಲಿ ಒಂದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಆದರೆ ಯಾವ ನಂಟೂ ಇಲ್ಲದ ದಂಪತಿಗೂ ಇಂಥ ಮಗು ಹುಟ್ಟಬಹುದು. ಇದನ್ನು ಅತ್ತೆ ಮಾವಂದಿರನ್ನೂ ಕೂರಿಸಿಕೊಂಡು ತಿಳಿಹೇಳುವುದು, ಮುಂದಿನ ಬಸಿರಿಗೆ ಮುನ್ನ ಯಾವ ಪರೀಕ್ಷೆ ಸಾಧ್ಯ ಎಂದು ವಿವರಿಸುವುದು ಚಿಕಿತ್ಸೆಯ ಭಾಗವೇ. ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಆ ಕೆಲಸಕ್ಕೆ ಒಬ್ಬರೂ ಗೊತ್ತುಪಡಿಸಿದವರಿಲ್ಲದಿರುವುದು ದೊಡ್ಡ ಕೊರತೆ.

ಈ ಕಾಯಿಲೆಗೆ ಹದಿನಾರು ಕೋಟಿ ರೂಪಾಯಿ ಬೇಕೆಂಬ ಮಾತು ಬಂದದ್ದು ಜೋಲ್ಗೆನ್ಸ್ಮಾ ಎಂಬ ವಂಶವಾಹಿ ಚಿಕಿತ್ಸೆಯಿಂದ. ಕೆಟ್ಟ ವಂಶವಾಹಿಯ ಬದಲಿ ಪ್ರತಿಯನ್ನು ನಿರಪಾಯಕಾರಿ ವೈರಾಣುವಿನ ಮೂಲಕ ದೇಹದೊಳಗೆ ಕಳುಹಿಸುವ ಈ ಒಂದೇ ಬಾರಿಯ ಔಷಧಕ್ಕೆ ಅಮೆರಿಕ 2019ರ ಮೇ ತಿಂಗಳಲ್ಲಿ, ಎರಡು ವರ್ಷದೊಳಗಿನ ಮಕ್ಕಳಿಗೆಂದು ಒಪ್ಪಿಗೆ ನೀಡಿತು, ಬೆಲೆ 21.25 ಲಕ್ಷ ಡಾಲರ್. ತಯಾರಕ ಕಂಪನಿ ನೋವಾರ್ಟಿಸ್ 2020ರಿಂದ ಜಗತ್ತಿನ ಕೆಲವು ಮಕ್ಕಳಿಗೆ ಚೀಟಿ ಎತ್ತುವ ಕ್ರಮದಲ್ಲಿ ಇದನ್ನು ಉಚಿತವಾಗಿ ನೀಡಿತು, ಕರಾವಳಿಯದೇ ಆದ ಭಟ್ಕಳದ ಮಗುವೊಂದಕ್ಕೆ 2021ರಲ್ಲಿ ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಹಾಗೆ ಔಷಧ ಸಿಕ್ಕಿತು. ಅದೇ ವರ್ಷ ಕಣ್ಣೂರು ಜಿಲ್ಲೆಯ ಮಾಟ್ಟೂಲ್‌ನ ಮಗುವಿಗಾಗಿ, ಅದೇ ಕಾಯಿಲೆಯಿಂದ ಗಾಲಿಕುರ್ಚಿಯಲ್ಲಿದ್ದ ಅಕ್ಕ ಮಾಡಿದ ಮನವಿಗೆ ಜನ ಕೆಲವೇ ದಿನಗಳಲ್ಲಿ 46 ಕೋಟಿಗೂ ಹೆಚ್ಚು ಕೊಟ್ಟರು. ತುಳುನಾಡಿನಲ್ಲೂ ಈ ಔದಾರ್ಯಕ್ಕೆ ಬರವಿಲ್ಲ: ಯುವಕ ಮಂಡಲಗಳು, ಭಜನಾ ಮಂಡಳಿಗಳು, ಮಸೀದಿ ಮತ್ತು ಇಗರ್ಜಿಗಳು ಪಕ್ಕದ ಮನೆಯ ಮಗುವಿಗಾಗಿ ಕೈಯೊಡ್ಡುತ್ತವೆ, ಕಟ್ಟಡ ಕಾರ್ಮಿಕ ರವಿ ಕಟಪಾಡಿಯವರು ಕೃಷ್ಣಾಷ್ಟಮಿಗೆ ವೇಷ ಹಾಕಿ ಸಂಗ್ರಹಿಸಿದ ಹಣವನ್ನು ವರ್ಷ ವರ್ಷವೂ ಕಾಯಿಲೆಯ ಮಕ್ಕಳಿಗೆ ಕೊಡುತ್ತ ಬಂದಿದ್ದಾರೆ. ಆದರೆ 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 20.89 ಲಕ್ಷ, ಒಂದೇ ಮಗುವಿನ ಹದಿನಾರು ಕೋಟಿಗೆ ಹಸುಗೂಸಿನಿಂದ ಮುದುಕರ ತನಕ ಪ್ರತಿಯೊಬ್ಬರೂ ಸುಮಾರು 77 ರೂಪಾಯಿ ಕೊಡಬೇಕು, ಮುಂದಿನ ಮಗುವಿಗೆ ಮತ್ತೆ ಅಷ್ಟೇ ಕೊಡಬೇಕು. ಜನರ ಗಮನ ಸೆಳೆಯಲಾರದ ಮನೆಯ ಮಗುವಿಗೆ ಈ ದಾರಿಯಲ್ಲಿ ಪಾಲೇ ಇಲ್ಲ. ಚಿಕಿತ್ಸೆ ಸಿಗುವುದೂ ಸಿಗದಿರುವುದೂ ಮನವಿಯ ಚಂದದ ಮೇಲೆ ನಿಲ್ಲುವುದು ಅನ್ಯಾಯ.

ಸರ್ಕಾರದ ದಾರಿಯೂ ಈಚಿನ ತನಕ ಹೆಚ್ಚು ದೂರ ಒಯ್ಯುತ್ತಿರಲಿಲ್ಲ. 2021ರ ಮಾರ್ಚ್‌ನಲ್ಲಿ ಬಂದ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯು ಕಾಯಿಲೆಗಳನ್ನು ಮೂರು ಗುಂಪು ಮಾಡಿತು: ಒಮ್ಮೆಯ ಚಿಕಿತ್ಸೆಯಿಂದ ವಾಸಿಯಾಗುವಂಥವು, ದೀರ್ಘಕಾಲದ ಆದರೆ ಹೋಲಿಕೆಯಲ್ಲಿ ಕಡಿಮೆ ಖರ್ಚಿನವು, ಚಿಕಿತ್ಸೆ ಇದ್ದೂ ವಿಪರೀತ ದುಬಾರಿಯಾದವು. ಎಸ್‌ಎಂಎ ಮೂರನೆಯದರಲ್ಲಿದೆ. 2022ರಲ್ಲಿ ಮೂರೂ ಗುಂಪುಗಳಿಗೆ, ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ, ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿ ತನಕ ನೆರವು ನಿಗದಿಯಾಯಿತು. ಕರ್ನಾಟಕದ ಕೇಂದ್ರ ಇರುವುದು ಬೆಂಗಳೂರಿನಲ್ಲಿ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರದ ಸಹಯೋಗದಲ್ಲಿ. ಉಸಿರಿನ ಸ್ನಾಯುಗಳೇ ಸೋತ ಮಗುವನ್ನು ಮಳೆಗಾಲದಲ್ಲಿ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತಿಸಿ ಅಲ್ಲಿಗೆ ಒಯ್ಯಬೇಕು. ಇನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ವಾರ್ಷಿಕ 5 ಲಕ್ಷದ ರಕ್ಷಣೆ ಆಸ್ಪತ್ರೆಯಲ್ಲಿ ದಾಖಲಾಗುವ ರೋಗಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು, ಮನೆಯಲ್ಲಿ ದಿನವೂ ಕುಡಿಯಬೇಕಾದ ಔಷಧವನ್ನಲ್ಲ.

ಹಾಗೆ ದಿನವೂ ಕುಡಿಯುವ ಔಷಧವೇ ರಿಸ್ಡಿಪ್ಲಾಮ್. ದೇಹದಲ್ಲಿರುವ ಎಸ್‌ಎಂಎನ್2 ಎಂಬ ಇನ್ನೊಂದು ವಂಶವಾಹಿ ಹೆಚ್ಚು ಪ್ರೊಟೀನು ತಯಾರಿಸುವಂತೆ ಇದು ಮಾಡುತ್ತದೆ. 2021ರಲ್ಲಿ ಭಾರತಕ್ಕೆ ಬಂದ ರೋಶ್ ಕಂಪನಿಯ ಈ ಔಷಧದ 60 ಮಿಲಿಗ್ರಾಂ ಬಾಟಲಿಯ ಬೆಲೆ ಸುಮಾರು 6.2 ಲಕ್ಷ ರೂಪಾಯಿ ಇತ್ತು. ಹೈದರಾಬಾದಿನ ನ್ಯಾಟ್ಕೊ ಕಂಪನಿ ಇದನ್ನೇ ತಯಾರಿಸುವುದನ್ನು ತಡೆಯಲು ರೋಶ್ ಹೂಡಿದ ಪೇಟೆಂಟ್ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ತಡೆಯಾಜ್ಞೆ ನೀಡಲು ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 17ರಂದು ರೋಶ್‌ನ ಮೇಲ್ಮನವಿಯನ್ನು ತಳ್ಳಿಹಾಕಿತು, ನ್ಯಾಟ್ಕೊ ತನ್ನ ಬಾಟಲಿಗೆ 15,900 ರೂಪಾಯಿ ಬೆಲೆ ಇಟ್ಟಿತು. ಈ ಇಳಿಕೆಯ ಅರ್ಥವನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಎರಡು ವರ್ಷ ದಾಟಿದ, ಹತ್ತು ಕಿಲೋ ತೂಗುವ ಮಗುವಿಗೆ ದಿನಕ್ಕೆ 2.5 ಮಿಲಿಗ್ರಾಂನಂತೆ ಒಂದು ಬಾಟಲಿ 24 ದಿನ ಬರುತ್ತದೆ. ಹಳೆಯ ಬೆಲೆಯಲ್ಲಿ ಕೇಂದ್ರ ಸರ್ಕಾರದ 50 ಲಕ್ಷಕ್ಕೆ ಎಂಟು ಬಾಟಲಿ ಸಿಗುತ್ತಿತ್ತು, ಆರು ತಿಂಗಳು ಕಳೆಯುತ್ತಲೇ ಹೆತ್ತವರು ಮತ್ತೆ ಬೀದಿಗೆ ಬರುತ್ತಿದ್ದರು. ಹೊಸ ಬೆಲೆಯಲ್ಲಿ ಅದೇ ಮಗುವಿನ ಒಂದು ವರ್ಷದ ಖರ್ಚು ಸುಮಾರು ಎರಡೂವರೆ ಲಕ್ಷ. ಇಪ್ಪತ್ತು ಕಿಲೋ ದಾಟಿದವರಿಗೆ ಬೇಕಾಗುವ ಪೂರ್ಣ ಪ್ರಮಾಣದಲ್ಲೂ ಅದು ಐದು ಲಕ್ಷದೊಳಗೆ ನಿಲ್ಲುತ್ತದೆ, ಹಾಗಾಗಿ ಅದೇ 50 ಲಕ್ಷ ಹತ್ತು ವರ್ಷ ಬರುತ್ತದೆ. ಒಂದು ಜೋಲ್ಗೆನ್ಸ್ಮಾ ಚುಚ್ಚುಮದ್ದಿನ ಹಣದಲ್ಲಿ 300ಕ್ಕೂ ಹೆಚ್ಚು ರೋಗಿಗಳಿಗೆ ಒಂದು ವರ್ಷ ರಿಸ್ಡಿಪ್ಲಾಮ್ ಕೊಡಬಹುದು. ಇದನ್ನು ಜೀವನಪೂರ್ತಿ ತೆಗೆದುಕೊಳ್ಳಬೇಕು ಎಂಬುದು ನಿಜ. ಹಾಗೆಯೇ ವರ್ಷಕ್ಕೆ ಎರಡೂವರೆ ಲಕ್ಷ ಬೀಡಿ ಕಟ್ಟುವ ತಾಯಿಗೆ ಇಂದಿಗೂ ಅಸಾಧ್ಯದ ಮೊತ್ತ. ಆದರೆ ರಾಜ್ಯವೊಂದರ ಬಜೆಟ್ಟಿಗೆ ಅದು ಅಸಾಧ್ಯವಲ್ಲ.

ಇದಕ್ಕೆ ದೂರದ ಉದಾಹರಣೆ ಬೇಡ. ಬಂಟ್ವಾಳ ತಾಲ್ಲೂಕಿನ ಸಾರಡ್ಕದಲ್ಲಿ ಗಡಿ ದಾಟಿದರೆ ಸಿಗುವ ಕೇರಳ, ಬೆಲೆ ಇಳಿಯುವ ಮೊದಲೇ ಎಸ್‌ಎಂಎ ಮಕ್ಕಳಿಗೆ ಈ ಔಷಧವನ್ನು ಉಚಿತವಾಗಿ ಕೊಡತೊಡಗಿತು, 2024ರಲ್ಲಿ ಅಪರೂಪದ ಕಾಯಿಲೆಗಳಿಗೆಂದೇ ‘ಕೇರ್’ ಎಂಬ ಯೋಜನೆಯನ್ನು ಆರಂಭಿಸಿತು. ವಿಟ್ಲ, ಕನ್ಯಾನದ ಕಡೆಯ ಹೆತ್ತವರು ಗಡಿಯಾಚೆಯ ನೆಂಟರ ಮನೆಯ ಮಗುವಿಗೆ ಸಿಗುವುದನ್ನು ತಮ್ಮ ಮಗುವಿಗೂ ಕೇಳುವುದು ಸಹಜ, ನ್ಯಾಯ ಕೂಡ.

ಔಷಧ ಸಿಕ್ಕರೂ ಮಗುವಿಗೆ ನಿತ್ಯದ ವ್ಯಾಯಾಮ ಚಿಕಿತ್ಸೆ, ಕಫ ತೆಗೆಯುವ ನೆರವು, ಬೆನ್ನು ಬಾಗದಂತೆ ಆಧಾರಪಟ್ಟಿ, ಶಾಲೆಯಲ್ಲಿ ಗಾಲಿಕುರ್ಚಿ ಸಾಗುವ ದಾರಿ ಬೇಕು. ಈ ವಿಷಯದಲ್ಲಿ ಬೆಳ್ತಂಗಡಿ ತಾಲ್ಲೂಕಿಗೆ ಕಹಿಯಾದ ಅನುಭವವೊಂದಿದೆ. ರಾಜ್ಯ ಸರ್ಕಾರದ ಗೇರು ಅಭಿವೃದ್ಧಿ ನಿಗಮ ತನ್ನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದ ನಂತರ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ನರ ಮತ್ತು ಬುದ್ಧಿಯ ತೊಂದರೆಯುಳ್ಳ ಮಕ್ಕಳ ಪಾಲನೆ ಹೆತ್ತವರ ಇಡೀ ಬದುಕನ್ನು ನುಂಗಿತು; ದೀರ್ಘ ಹೋರಾಟ ಮತ್ತು ಹೈಕೋರ್ಟಿನ ಆದೇಶಗಳ ಫಲವಾಗಿ ಮಾಸಾಶನವೂ ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳೂ ಬಂದವು. ಆ ಕುಟುಂಬಗಳ ಹಕ್ಕು ವಿಷ ಸುರಿದ ಸರ್ಕಾರದ ಮೇಲಿನ ಹಕ್ಕು, ಅದನ್ನು ಬೇರಾವುದರೊಂದಿಗೂ ಬೆರೆಸಿ ತೆಳುವಾಗಿಸಬಾರದು. ಆದರೆ ತಾಲ್ಲೂಕು ಮಟ್ಟದಲ್ಲಿ, ಮನೆಯಿಂದ ಹೋಗಿಬರುವ ದೂರದಲ್ಲಿ, ಇಂಥ ಮಗುವನ್ನು ನೋಡಿಕೊಳ್ಳುವ ಕೇಂದ್ರ ನಡೆಸಲು ಸಾಧ್ಯ ಎಂಬುದನ್ನು ಆ ಕೇಂದ್ರಗಳು ತೋರಿಸಿವೆ. ಬಂಟ್ವಾಳದ ಬಿ.ಸಿ.ರೋಡ್ ಮತ್ತು ಮೂಡುಬಿದಿರೆಯಲ್ಲೂ ಅಂಥದೊಂದು ಇದ್ದರೆ, ಔಷಧವೇ ಇಲ್ಲದ ನೂರಾರು ಬೇರೆ ಅಪರೂಪದ ಕಾಯಿಲೆಗಳ ಮಕ್ಕಳಿಗೂ ಅದು ನೆರಳಾಗುತ್ತದೆ. ಅಪರೂಪದ ಕಾಯಿಲೆಗಳಲ್ಲಿ ನೂರಕ್ಕೆ ಐದಕ್ಕೂ ಔಷಧವಿಲ್ಲ ಎಂಬುದನ್ನು ನೆನೆದರೆ ಪಾಲನೆಯೇ ಹೆಚ್ಚಿನವರಿಗೆ ಸಿಗಬಹುದಾದ ಚಿಕಿತ್ಸೆ.

ಕರ್ನಾಟಕ ಸರ್ಕಾರ ಮುಂದಿನ ಬಜೆಟ್ಟಿನಲ್ಲೇ ರಿಸ್ಡಿಪ್ಲಾಮ್ ಖರೀದಿಗೆ ಪ್ರತ್ಯೇಕ ಹಣ ಇಡಬೇಕು, ಅದನ್ನು ಬೆಂಗಳೂರಿನಲ್ಲಿ ಮಾತ್ರವಲ್ಲದೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೂ ತಿಂಗಳು ತಿಂಗಳು ವಿತರಿಸಬೇಕು, ಕುಟುಂಬದಲ್ಲಿ ಮೊದಲೇ ಕಾಯಿಲೆ ಇರುವಲ್ಲಿ ಹುಟ್ಟಿದ ಮಗುವಿನ ರಕ್ತಪರೀಕ್ಷೆಯನ್ನು ಮೊದಲ ವಾರವೇ ಉಚಿತವಾಗಿ ಮಾಡಿಸಬೇಕು. ಹೆತ್ತವರಲ್ಲಿ ಕೇಳಬೇಕಾದದ್ದು ಒಂದೇ: ನಾಲ್ಕು ತಿಂಗಳಾದರೂ ಮಗುವಿನ ಕುತ್ತಿಗೆ ನಿಲ್ಲದಿದ್ದರೆ ಮುಂದಿನ ಲಸಿಕೆಯ ದಿನದ ತನಕ ಕಾಯದೆ, ಅದೇ ವಾರ ಮಕ್ಕಳ ವೈದ್ಯರಿಗೆ ತೋರಿಸಿ.