ಔಷಧದಾನ ಯಂತ್ರಕ್ಕೇ ಮುಗಿಯಬೇಕೆ?

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವೂ ಒಂದು. ಆದರೂ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಔಷಧದಾನವೆಂದೊಡನೆ ನಮ್ಮ ಟ್ರಸ್ಟಿಗಳಿಗೆ ನೆನಪಾಗುವುದು ಡಯಾಲಿಸಿಸ್ ಯಂತ್ರ, ಆಂಬುಲೆನ್ಸ್. ಅವುಗಳ ಮೇಲೆ ದಾನಿಯ ಹೆಸರು ಬರೆಸಬಹುದು. ದಾದಿಯೊಬ್ಬರು ರೋಗಿಯ ಪಕ್ಕದಲ್ಲಿ ಕುಳಿತು ಕಲಿಸುವ ಅರ್ಧ ಗಂಟೆಯ ಮೇಲೆ ಏನನ್ನು ಬರೆಸುವುದು?

ಆ ಅರ್ಧ ಗಂಟೆಯ ಬೆಲೆಯನ್ನು ಲೆಕ್ಕದಿಂದಲೇ ತಿಳಿಯಬಹುದು. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟಿನದು, 100ರದೂ ಉಂಟು. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 50 ಯೂನಿಟ್. ಅದಲುಬದಲಾದರೆ ಬರೇ 8. ವೈದ್ಯರ ಚೀಟಿ ಸರಿಯಾಗಿದ್ದೂ ರೋಗಿ ಪ್ರಜ್ಞೆ ತಪ್ಪಬಹುದು.

ನಮ್ಮ ಆಚಾರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು. ಸೂರ್ಯಾಸ್ತಕ್ಕೆ ಮೊದಲೇ ಉಂಡ ಹಿರಿಯರು ಊಟದ ಇನ್ಸುಲಿನ್ನನ್ನು ಚೀಟಿಯಲ್ಲಿರುವಂತೆ ರಾತ್ರಿ ಎಂಟಕ್ಕೆ ತೆಗೆದುಕೊಂಡರೆ ನಡುರಾತ್ರಿ ಸಕ್ಕರೆ ಕುಸಿಯುತ್ತದೆ. ಅದು 70ಕ್ಕಿಂತ ಕೆಳಗಿಳಿದರೆ, ಎಚ್ಚರವಿರುವ ರೋಗಿಗೆ ಮೂರು ಚಮಚೆ ಸಕ್ಕರೆ ಕೊಟ್ಟು ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ರಾತ್ರಿ ನೀರನ್ನೂ ಮುಟ್ಟದ ವ್ರತಿಗಳು ಆಗ ಏನು ಮಾಡಬೇಕು? ಇದನ್ನು ವ್ರತ ಹಿಡಿಯುವ ಮೊದಲೇ ವೈದ್ಯರೊಡನೆ ನಿಶ್ಚಯಿಸಿಕೊಳ್ಳಬೇಕು. ಮುನಿಗಳೂ ಭಟ್ಟಾರಕರೂ ಪ್ರವಚನದಲ್ಲಿ ಈ ಒಂದು ಮಾತನ್ನು ಸೇರಿಸಿದರೆ ಯಾವ ಕರಪತ್ರಕ್ಕಿಂತಲೂ ಹೆಚ್ಚು ಫಲ ದೊರೆತೀತು. ಸೊಸೆ ಹೇಳಿದರೆ ಕೇಳದವರು ಅವರು ಹೇಳಿದರೆ ಕೇಳುತ್ತಾರೆ.

ಭಾಷೆಯ ತೊಡಕೂ ಇದೆ. ಬೆಳಗಾವಿಯಿಂದಲೋ ಮೂಡುಬಿದಿರೆಯಿಂದಲೋ ಮಗನ ಮನೆಗೆ ಬಂದ ತಾಯಿಗೆ ಬಿಡುಗಡೆಯ ದಿನ ಇಂಗ್ಲಿಷ್ ಕಾಗದವೊಂದು ಕೈಸೇರುತ್ತದೆ. "ತಿಳಿಯಿತೇ?" ಎಂದರೆ ಸಂಕೋಚದಿಂದ ತಲೆಯಾಡಿಸುತ್ತಾರೆ. ಹೇಳಿದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಿ, ಕೈಯಿಂದಲೇ ಮಾಡಿಸಿ ನೋಡುವುದು ನಿಜವಾದ ರೋಗಿಶಿಕ್ಷಣ. ಕಿಕ್ಕಿರಿದ ವಾರ್ಡಿನ ದಾದಿಗೆ ಅದಕ್ಕೆ ಬಿಡುವೆಲ್ಲಿ? 2023ರ ಆಗಸ್ಟಿನಲ್ಲಿ ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆಯಲ್ಲಿ 24 ಗಂಟೆಗಳೊಳಗೆ 18 ರೋಗಿಗಳು ಮೃತಪಟ್ಟಾಗ ಸಿಬ್ಬಂದಿಯ ಪ್ರಶ್ನೆ ಎದ್ದಿತ್ತು. ಮತ ಕೇಳಲು ಬರುವ ನಗರಸೇವಕರನ್ನು ಹಾರ ಹಾಕಿ ಕಳಿಸುವ ಬದಲು, ಪಾಲಿಕೆಯ ಆಸ್ಪತ್ರೆಯಲ್ಲಿ ದಾದಿಯರ ಎಷ್ಟು ಹುದ್ದೆಗಳು ಖಾಲಿಯಿವೆಯೆಂದು ನಾವು ಕೇಳಬೇಕು.

ನಾವು ಮಾಡಬಹುದಾದದ್ದೂ ಇದೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ಆದಾಯದ ಶೇ. 85ನ್ನು ಉದ್ದೇಶಗಳಿಗೆ ವಿನಿಯೋಗಿಸಬೇಕು. ಮಾರ್ಚ್ ಬಂದಾಗ ಅಮೃತಶಿಲೆ ಕೊಳ್ಳುವ ಅವಸರ ಇದರಿಂದಲೇ ಹುಟ್ಟುತ್ತದೆ. ಟ್ರಸ್ಟ್ ಪತ್ರದಲ್ಲಿ ವೈದ್ಯಕೀಯ ನೆರವು ಉದ್ದೇಶವಾಗಿದ್ದರೆ ದಾದಿಯ ಸಂಬಳವೂ ಸಲ್ಲುವ ವಿನಿಯೋಗವೇ. ಧಾರವಾಡದ ಸತ್ತೂರಿನಲ್ಲಿ ಧರ್ಮಸ್ಥಳದ ಸಂಸ್ಥೆಯ ಶುಶ್ರೂಷಾ ಕಾಲೇಜಿದೆ; ಅಂಥಲ್ಲಿ ಕಲಿತ, ಕನ್ನಡ ಬಲ್ಲವರು ಮಹಾರಾಷ್ಟ್ರದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡು ಇಲ್ಲಿ ದುಡಿಯಬಹುದು. ವಾರಕ್ಕೆರಡು ಸಂಜೆ ಕನ್ನಡ ಸಂಘದ ಸಭಾಗೃಹದಲ್ಲಿ ಒಬ್ಬರನ್ನು ಕೂರಿಸಿದರೆ ಸಾಕು. ಈ ವರ್ಷದ ದಶಲಕ್ಷಣ ಪರ್ವಕ್ಕೆ ಮೊದಲೇ ಅದು ಆರಂಭವಾಗಲಿ. ಬರುವವರು ಮನೆಯ ಇನ್ಸುಲಿನ್ ಸೀಸೆಯನ್ನೂ ಸಿರಿಂಜನ್ನೂ ಜೊತೆಗೆ ತರಲಿ.