ಕಪ್ ಶಾಲೆಗೆ ಬಂತು, ಚೆಂಡೆ ನೆರೆಕರೆಗೆ ಬರಲಿಲ್ಲ

ನವಂಬರ, ದಶಂಬರ ಬಂತೆಂದರೆ ಕಾಸರಗೋಡಿನ ಕನ್ನಡ ಶಾಲೆಗಳ ಗೇಟಿಗೆ ಫ್ಲೆಕ್ಸ್ ಏರುತ್ತದೆ. ಕಲೋತ್ಸವದ ಯಕ್ಷಗಾನದಲ್ಲಿ ಎ ಗ್ರೇಡ್! ಕಿರೀಟ ಕಟ್ಟಿದ ಮಕ್ಕಳ ಫೋಟೋ, ಪಕ್ಕದಲ್ಲಿ ಮ್ಯಾನೇಜರರ ಫೋಟೋ, ಕೆಳಗೆ ಪಿ.ಟಿ.ಎ. ಅಧ್ಯಕ್ಷರ ಫೋಟೋ. ಸಂತೋಷವೇ. ಮಕ್ಕಳು ಬೆವರು ಸುರಿಸಿ ಕುಣಿದಿದ್ದಾರೆ, ಅವರಿಗೆ ಚಪ್ಪಾಳೆ ಸಲ್ಲಲೇಬೇಕು. ನಮ್ಮ ತಕರಾರು ಮಕ್ಕಳ ಮೇಲಲ್ಲ. ಫ್ಲೆಕ್ಸಿನ ಬಣ್ಣ ಮಾಸುವ ಹೊತ್ತಿಗೆ ಆ ಮಕ್ಕಳಲ್ಲಿ ಎಷ್ಟು ಜನ ಮತ್ತೊಮ್ಮೆ ಗೆಜ್ಜೆ ಕಟ್ಟಿದರು ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲವಲ್ಲ, ತಕರಾರು ಅದರ ಮೇಲೆ.

ಈ ಕಪ್ಪಿನ ವ್ಯವಹಾರ ಹೇಗೆ ನಡೆಯುತ್ತದೆಂದು ಶಾಲೆಯ ಒಳಗಿರುವ ನಮಗೆಲ್ಲ ಗೊತ್ತು. ಮಳೆ ಕಡಿಮೆಯಾಗುವ ಹೊತ್ತಿಗೆ ಒಬ್ಬ ಗುರುಗಳನ್ನು ಗೊತ್ತುಮಾಡುವುದು. ಚೆನ್ನಾಗಿ ಕುಣಿಯುವ ಕೆಲವೇ ಮಕ್ಕಳನ್ನು ಆರಿಸುವುದು, ಉಳಿದವರನ್ನು ತರಗತಿಗೆ ಅಟ್ಟುವುದು. ಮಾತನ್ನು ಅಕ್ಷರಕ್ಕೆ ಅಕ್ಷರ ಬಾಯಿಪಾಠ ಮಾಡಿಸುವುದು. ಸ್ಪರ್ಧೆಯ ದಿನ ವೇಷಭೂಷಣ ಬಾಡಿಗೆಗೆ, ಬಣ್ಣ ಹಚ್ಚುವವರು ಸಂಬಳಕ್ಕೆ. ಉಪಜಿಲ್ಲೆಯಲ್ಲಿ ಸೋತರೆ ಅಪೀಲು, ಅದಕ್ಕೊಂದು ಫೀಸು. ಗೆದ್ದು ರಾಜ್ಯಮಟ್ಟಕ್ಕೆ ಹೋದರೆ ಗ್ರೇಸ್ ಮಾರ್ಕು. ಅಲ್ಲಿಗೆ ಮಂಗಳ ಹಾಡಿ ಆಯಿತು. 1957ರಲ್ಲಿ ಎರ್ನಾಕುಳಂನಲ್ಲಿ ಶುರುವಾದ ಈ ಕಲೋತ್ಸವ ಕೇರಳದ ಹೆಮ್ಮೆ, ಅದನ್ನು ನಾವೂ ಒಪ್ಪುತ್ತೇವೆ. 2019ರಲ್ಲಿ ಅದು ನಮ್ಮ ಜಿಲ್ಲೆಯ ಕಾಞಂಗಾಡಿಗೇ ಬಂದಾಗ ಜಿಲ್ಲೆಗೇ ಸಂಭ್ರಮ. ಆದರೆ ಸ್ಪರ್ಧೆ ಸ್ಪರ್ಧೆಯೇ. ಅದರಿಂದ ಕಲೆ ಊರಲ್ಲಿ ಬೇರು ಬಿಡುತ್ತದೆ ಎಂದು ನಂಬಿ ಕೂತವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. ಈ ಸ್ಪರ್ಧೆಯಲ್ಲಿ ಕನ್ನಡದ ಗಂಧಗಾಳಿ ಇಲ್ಲದ ದಕ್ಷಿಣದ ಜಿಲ್ಲೆಗಳ ಮಕ್ಕಳೂ ಯಕ್ಷಗಾನ ಆಡುತ್ತಾರೆ. ಮಾತನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಉರು ಹೊಡೆದು ಎ ಗ್ರೇಡ್ ತೆಗೆದುಕೊಂಡು ಹೋಗುತ್ತಾರೆ. ಭಲೇ ಮಕ್ಕಳೇ! ಆದರೆ ಉರು ಹೊಡೆದೇ ಗೆಲ್ಲಬಹುದಾದ ಜಾಗದಲ್ಲಿ ನಮ್ಮ ಮಕ್ಕಳೂ ಉರು ಹೊಡೆದೇ ಗೆದ್ದರೆ, ಅದರಿಂದ ಕಾಸರಗೋಡಿನ ಕನ್ನಡಕ್ಕೆ ಬಂದ ಭಾಗ್ಯ ಏನು ಮಾರಾಯ್ರೆ?

ಬೆಂಗಳೂರು, ಮೈಸೂರಿನ ಓದುಗರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಕನ್ನಡ ಶಾಲೆಯ ಎಲ್ಲ ಮಕ್ಕಳೂ ಮನೆಯಲ್ಲಿ ಕನ್ನಡ ಮಾತಾಡುವವರಲ್ಲ. ಒಂದು ಬೆಂಚಿನಲ್ಲಿ ತುಳು ಮನೆಯವನು, ಕೊಂಕಣಿಯವಳು, ಮರಾಟಿಯವನು, ಬ್ಯಾರಿ ಭಾಷೆಯವಳು, ಹವ್ಯಕರ ಹುಡುಗ, ಮಲಯಾಳಿ ಹುಡುಗಿ. ಕನ್ನಡ ಇವರಿಗೆಲ್ಲ ಶಾಲೆಯ ಭಾಷೆ, ಸಭೆಯ ಭಾಷೆ, ಆಟದ ಭಾಷೆ. ಕಾಸರಗೋಡಿನಲ್ಲಿ ಕನ್ನಡ ಅಡುಗೆಮನೆಯಿಂದಷ್ಟೇ ಉಳಿದದ್ದಲ್ಲ. ಅದಕ್ಕೆ ಇದ್ದ ದೊಡ್ಡ ಆಸರೆ ಎರಡು. ಒಂದು ಶಾಲೆ, ಇನ್ನೊಂದು ರಂಗಸ್ಥಳ. ಅಕ್ಷರ ಬಾರದ ಅಜ್ಜಂದಿರೂ ಕೃಷ್ಣಸಂಧಾನದ ಮಾತು ಕೇಳಿ ಕೇಳಿಯೇ ಗ್ರಾಂಥಿಕ ಕನ್ನಡ ಕಲಿತದ್ದು. ಹೊಲದಿಂದ ಬಂದು ಚಾಪೆ ಹಾಸಿ ಕೂತು ಬೆಳಗಿನ ತನಕ ಆಟ ನೋಡಿದವರು, ಮರುದಿನ ಕಟ್ಟೆಯಲ್ಲಿ ಕೂತು ಕರ್ಣ ಹೇಳಿದ್ದು ಸರಿಯೋ ಕೃಷ್ಣ ಹೇಳಿದ್ದು ಸರಿಯೋ ಎಂದು ಜಗಳ ಕಾಯುತ್ತಿದ್ದರು. ತುಳುವಿನಲ್ಲಿ ಶುರುವಾದ ಜಗಳ ಬಿಸಿ ಏರಿದ ಹಾಗೆ ಕನ್ನಡಕ್ಕೆ ತಿರುಗುತ್ತಿತ್ತು!

ಹಳ್ಳಿಗಳಲ್ಲಿ ಇದು ಇವತ್ತಿಗೂ ಅಷ್ಟಿಷ್ಟು ಇದೆ. ಪೇಟೆಯಲ್ಲಿ? ನೆಲ್ಲಿಕುಂಜೆ, ಕರಂದಕ್ಕಾಡು, ನುಳ್ಳಿಪ್ಪಾಡಿ, ವಿದ್ಯಾನಗರದ ಕಡೆ ಹಿತ್ತಿಲು ಹೋಗಿ ಫ್ಲಾಟು ಬಂತು. ಗದ್ದೆ ಇದ್ದಲ್ಲಿ ಅಂಗಡಿ ಸಾಲು. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ, ಹಾಕಲೂಬಾರದು, ಮಕ್ಕಳು, ರೋಗಿಗಳು ಮಲಗಬೇಕಲ್ಲ. ಪೇಟೆಯ ಮಗುವಿಗೆ ಆಟ ಎಂದರೆ ಈಗ ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ಗಿರಕಿ. ಕನ್ನಡ ಎಂದರೆ ಪಾಠಪುಸ್ತಕ. ಮಾರ್ಕಿಗಾಗಿ ಬರೆಯುವ ಭಾಷೆ. ಕೇರಳದಲ್ಲಿ 2017ರ ಕಾನೂನು ಮಲಯಾಳ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದಾಗ ನಮ್ಮವರು ಬೀದಿಗಿಳಿದರು, ಸರಿಯಾಗಿಯೇ ಇಳಿದರು. ಆದರೆ ಆ ಬೀದಿಯಲ್ಲೇ, ಧಿಕ್ಕಾರದ ಘೋಷಣೆ ಬಿಟ್ಟರೆ, ಮಕ್ಕಳು ಬಾಯಿ ತೆರೆದು ಕನ್ನಡದಲ್ಲಿ ವಾದ ಮಾಡುವ ಒಂದು ಜಾಗ ನಾವು ಯಾರೂ ಕಟ್ಟಿಲ್ಲ.

ಜಾಗ ಕಟ್ಟಲು ಕೋಟಿ ಬೇಡ. ತಾಳಮದ್ದಳೆ ಸಾಕು.

ಗೊತ್ತಿಲ್ಲದ ಹೊಸ ಹೆತ್ತವರಿಗಾಗಿ ಸ್ವಲ್ಪ ಹೇಳುತ್ತೇವೆ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಒಬ್ಬರು ಭಾಗವತರು, ಒಂದು ಚೆಂಡೆ, ಒಂದು ಮದ್ದಳೆ, ಚಕ್ರತಾಳ. ಎದುರುಬದುರು ಕೂತ ನಾಲ್ಕೈದು ಅರ್ಥಧಾರಿಗಳು. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಪದ್ಯ ಪುಸ್ತಕದಲ್ಲಿದೆ, ಮಾತು ಎಲ್ಲಿಯೂ ಬರೆದಿಟ್ಟಿಲ್ಲ. ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ಅಲ್ಲೇ, ಆಗಲೇ ಉತ್ತರ ಕೊಡಬೇಕು. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದು ತಿರುಗಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲ ಪೂರ್ತಿ ಚಾವಡಿಗಳಲ್ಲಿ ನಡೆಯುತ್ತಿದ್ದದ್ದು ಇದೇ ಕೂಟ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣದ ಪ್ರಸಂಗಗಳು ಇದಕ್ಕೆ ಹೇಳಿ ಮಾಡಿಸಿದವು. ಅರ್ಥಗಾರಿಕೆಯಲ್ಲಿ ಮೇರುವಾಗಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಈ ಮಣ್ಣಿನವರೇ. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಹುಟ್ಟಿದ್ದು ನಮ್ಮ ಪಡ್ರೆಯಲ್ಲಿ. ಇಷ್ಟು ಆಸ್ತಿ ಮನೆಯಲ್ಲಿಟ್ಟುಕೊಂಡು ನಮ್ಮ ಪೇಟೆಯವರು ಬಾಡಿಗೆ ಕಿರೀಟಕ್ಕೆ ಚೀಟಿ ಎತ್ತುತ್ತಿದ್ದಾರೆ.

ನಾವು ಕೆಲವು ಶಿಕ್ಷಕರು, ಎರಡು ಮೂರು ಮಂದಿ ಹೆತ್ತವರು ಸೇರಿ ಪೇಟೆಯ ಒಂದು ಮೂಲೆಯಲ್ಲಿ ಶನಿವಾರ ಸಂಜೆ ಕೂರಲು ಶುರುಮಾಡಿ ಎರಡು ಮಳೆಗಾಲ ಆಯಿತು. ಪ್ರಸಂಗ ವಾಲಿವಧೆ. ಬಾಣ ತಾಗಿ ಬಿದ್ದ ವಾಲಿ ಕೇಳುತ್ತಾನೆ, ಮರದ ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಎಂದು. ರಾಮನ ಅರ್ಥ ಹೇಳಲು ಕೂತದ್ದು ಎಂಟನೇ ತರಗತಿಯ ಹುಡುಗಿ, ಮನೆಮಾತು ಮಲಯಾಳ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ "ಗೈಡಿನಲ್ಲಿ ಇಲ್ಲ ಟೀಚರೇ" ಎನ್ನುವವಳು. ಒಂದು ನಿಮಿಷ ಸುಮ್ಮನೆ ಕೂತಳು. ಆಮೇಲೆ, "ನೀನು ತಮ್ಮನ ಹೆಂಡತಿಯನ್ನು ತರುವಾಗ ಎದುರು ಬಂದು ಕೇಳಿ ತಂದೆಯಾ?" ಎಂದಳು. ಸಭೆ ಹೋ ಎಂದಿತು. ವಾಲಿ ಬಿಡುತ್ತಾನೆಯೇ? "ಅದು ನಮ್ಮ ಮನೆಯ ಜಗಳ, ದಾರಿಯಲ್ಲಿ ಹೋಗುವ ನಿನಗೇನು?" ಎಂದ. ಅವರಿಬ್ಬರೂ ಕಾಲು ಗಂಟೆ ಕಾದಾಡಿದರು. ನಡುವೆ ಎರಡು ಮಲಯಾಳ ಶಬ್ದ ಬಂತು, ಒಂದು ವಿಭಕ್ತಿ ತಪ್ಪಿತು. ಭಾಗವತರು ತಿದ್ದಲಿಲ್ಲ, ನಾವೂ ತಿದ್ದಲಿಲ್ಲ. ವಾದ ಮಾಡುವ ಕನ್ನಡ ಆ ಮಗುವಿಗೆ ಆ ದಿನ ಹುಟ್ಟಿತು. ಅದಕ್ಕೆ ಗ್ರೇಡ್ ಕೊಡಲು ಬಂದರೆ ನಾವು ಬಾಗಿಲು ಹಾಕುತ್ತೇವೆ.

"ಇದೆಲ್ಲ ಇರಲಿ ಮಾಷ್ಟ್ರೇ, ಮೊದಲು ಹುದ್ದೆ ಉಳಿಯಲಿ, ಆಮೇಲೆ ತಾಳ ಕುಟ್ಟುವ" ಎನ್ನುವವರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಜೂನ್‌ನಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ತಲೆ ಎಣಿಕೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಯಿತು, ಡಿವಿಷನ್ ಹೋದರೆ ಹುದ್ದೆ ಹೋಯಿತು. ಆ ಆರು ದಿನ ನಾವು ಕೊಡೆ ಹಿಡಿದು ಮನೆ ಮನೆ ಅಲೆಯುವುದನ್ನು ಊರೇ ನೋಡಿದೆ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದಾಗ ಹೋರಾಡಲೇಬೇಕು. 1956ರಿಂದ ಹೋರಾಡುತ್ತಲೇ ಇದ್ದೇವೆ. ಚಂದ್ರಗಿರಿಯ ಉತ್ತರಕ್ಕಿರುವ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿತು, ಆ ವರದಿ ಹಾಗೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳು ಮೇಷ್ಟ್ರಾಗಿದ್ದುಕೊಂಡೇ ಆ ದನಿ ಎತ್ತಿದವರು, ನೂರು ತುಂಬಿ 2015ರಲ್ಲಿ ಹೋದರು. 2018ರಲ್ಲಿ ಕಾಸರಗೋಡಿನ ಸರಕಾರಿ ಶಾಲೆಯ ಸಿನಿಮಾ ಬಂದಾಗ ಬೆಂಗಳೂರಿನ ಥಿಯೇಟರಿನಲ್ಲಿ ಶಿಳ್ಳೆ ಹೊಡೆದರು. ಶಿಳ್ಳೆ ಹೊಡೆದವರು ನಮ್ಮ ಶಾಲೆಗೆ ಮಕ್ಕಳನ್ನು ಸೇರಿಸಲು ಬರುವುದಿಲ್ಲ. ಸೇರಿಸಬೇಕಾದವರು ಪಕ್ಕದ ಮನೆಯವರು. ಆ ಪಕ್ಕದ ಮನೆಗೆ ನಾವು ವರ್ಷಕ್ಕೊಮ್ಮೆ, ತಲೆ ಎಣಿಕೆಯ ಮುಂಚಿನ ವಾರ ಮಾತ್ರ ಹೋದರೆ ಅವರು ಯಾಕೆ ಬಾಗಿಲು ತೆರೆಯಬೇಕು? ಶನಿವಾರದ ಕೂಟಕ್ಕೆ ಮಗುವನ್ನು ಬಿಡಲು ಬರುವ ತಾಯಿ ಶಾಲೆಯ ಬಗ್ಗೆ ತಾನಾಗಿ ಕೇಳುತ್ತಾರೆ. ನಾವು ಕೊಡೆ ಹಿಡಿದು ಹೋಗಿ ಹೇಳಿದ್ದಕ್ಕಿಂತ ಅದಕ್ಕೆ ಬೆಲೆ ಹೆಚ್ಚು.

ಇನ್ನು ಸಂಘ ಸಂಸ್ಥೆಗಳ ಮಾತು. ಗಡಿನಾಡ ಉತ್ಸವ ಎಂದು ಹಾಲ್ ಹಿಡಿಯುತ್ತಾರೆ. ಬೆಂಗಳೂರಿನಿಂದ ಅತಿಥಿ, ಅನುದಾನದಲ್ಲಿ ಕಲಾತಂಡ. ಊರಿನ ಮಕ್ಕಳು ಏನು ಮಾಡುತ್ತಾರೆ? ಪೂರ್ಣಕುಂಭ ಹಿಡಿಯುತ್ತಾರೆ, ನಾಡಗೀತೆ ಹಾಡುತ್ತಾರೆ, ಆಮೇಲೆ ಕುರ್ಚಿ ತುಂಬಿಸುತ್ತಾರೆ. ಶಾಲು, ಹಾರ, ಊಟ. ಅಂಥ ಒಂದು ಸಭೆಗೆ ನಮ್ಮ ಮಕ್ಕಳ ಕೂಟಕ್ಕೆ ಅರ್ಧ ಗಂಟೆ ಕೇಳಿದ್ದೆವು. "ಸಮಯ ಇಲ್ಲ ಮಾಷ್ಟ್ರೇ, ಸನ್ಮಾನ ಹನ್ನೊಂದು ಉಂಟು" ಎಂದರು. ಸನ್ಮಾನ ಮಾಡಿಸಿಕೊಂಡ ಹನ್ನೊಂದು ಜನರ ಮಕ್ಕಳು ಯಾವ ಮಾಧ್ಯಮದಲ್ಲಿ ಓದುತ್ತಿದ್ದಾರೆ ಎಂದು ಕೇಳುವ ಚಪಲ ಇತ್ತು, ತಡೆದುಕೊಂಡೆವು.

ಇವರೇ ಅನುದಾನಕ್ಕಾಗಿ ಬೆಂಗಳೂರಿಗೆ ಹತ್ತು ಮನವಿ ಬರೆಯುತ್ತಾರೆ. ನೂರು ಹೆಜ್ಜೆ ದೂರದ ವಾಚನಾಲಯದ ಬಾಗಿಲು ಮಾತ್ರ ತಟ್ಟುವುದಿಲ್ಲ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಎಂಬ ದೊಡ್ಡ ವಸ್ತು ಇದೆ ಸ್ವಾಮಿ. 1945ರಲ್ಲಿ ಪಿ. ಎನ್. ಪಣಿಕ್ಕರ್ ಹುಟ್ಟುಹಾಕಿದ್ದು. ವಾಚನಾಲಯ ಎಂದರೆ ಪತ್ರಿಕೆ ಓದುವ ಜಾಗ ಮಾತ್ರವಲ್ಲ, ಅಲ್ಲಿ ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಎಂಬ ಏರ್ಪಾಡುಗಳಿವೆ. ಮಲಯಾಳಿಗಳು ಅಲ್ಲಿಯೇ ನಾಟಕ ಕಟ್ಟುತ್ತಾರೆ, ಚರ್ಚೆ ಮಾಡುತ್ತಾರೆ, ಸಂಜೆ ಏಳಕ್ಕೆ ದೀಪ ಉರಿಯುತ್ತಿರುತ್ತದೆ. ನಮ್ಮವರು ಅದನ್ನು "ಅವರದ್ದು" ಎಂದು ಬಿಟ್ಟುಬಿಟ್ಟಿದ್ದಾರೆ. ಯಾಕೆ? ನಾವೂ ತೆರಿಗೆ ಕಟ್ಟುವುದಿಲ್ಲವೇ? ನಾವು ಹೋಗಿ ಕೇಳಿದೆವು. ಕಾರ್ಯದರ್ಶಿ ಮಲಯಾಳಿ, ಕೀಲಿಕೈ ಕೊಟ್ಟರು, ಒಂದೇ ಷರತ್ತು ಹಾಕಿದರು: ಅವರ ಮಗಳನ್ನೂ ಕೂಟಕ್ಕೆ ಸೇರಿಸಿಕೊಳ್ಳಬೇಕು.

ದೇವಸ್ಥಾನದ ಅಂಗಣದಲ್ಲಿ ಯಾಕೆ ಮಾಡಬಾರದು ಎಂದು ಹಿರಿಯರೊಬ್ಬರು ಕೇಳಿದರು. ಮಾಡಬಹುದು, ಅಲ್ಲಿಯೇ ಬೆಳೆದ ಕಲೆ ಇದು. ದೇವಸ್ಥಾನಗಳಲ್ಲಿ ನಡೆಯುವ ಕೂಟ ನಡೆಯುತ್ತಲೇ ಇರಲಿ. ಆದರೆ ಮಕ್ಕಳ ಕೂಟವೂ ಅಲ್ಲಿಗೇ ಸೀಮಿತವಾದರೆ ನಮ್ಮ ಬೆಂಚಿನ ಬ್ಯಾರಿ ಹುಡುಗಿ ಹೊಸಿಲಿನಲ್ಲೇ ನಿಲ್ಲುತ್ತಾಳೆ. ಕನ್ನಡ ಶಾಲೆ ಯಾರನ್ನು ಒಳಗೆ ಕೂರಿಸಿಕೊಂಡಿದೆಯೋ ಅವರನ್ನು ಕನ್ನಡದ ಕಲೆ ಹೊರಗೆ ನಿಲ್ಲಿಸಬಾರದು. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿಯ ಪಾತ್ರಕ್ಕೆ ಶೇಣಿಯವರು ಎಂಥ ಘನತೆ ಕೊಟ್ಟಿದ್ದರೆಂದು ಆ ಹಿರಿಯರಿಗೆ ನೆನಪಿಸಿದೆವು. ನಕ್ಕರು. ಮುಂದಿನ ಶನಿವಾರ ವಾಚನಾಲಯಕ್ಕೇ ಬಂದು ಕೂತರು, ಮೊಮ್ಮಗನನ್ನೂ ಕರೆತಂದಿದ್ದರು.

ಹೆಣ್ಣುಮಕ್ಕಳ ವಿಷಯವೂ ಇದೆ. ಕೂಟದಲ್ಲಿ ಅರ್ಥ ಹೇಳುವುದು ಗಂಡಸರ ಹಕ್ಕು ಎಂಬಂತೆ ಬಹಳ ಕಾಲ ನಡೆಯಿತು. ಸೀತೆಯ ಮಾತನ್ನೂ ತಾರೆಯ ಮಾತನ್ನೂ ಗಂಡಸರೇ ಆಡಿದರು. ಈಗ ಮಹಿಳಾ ತಂಡಗಳು ಬಂದಿವೆ, ಒಳ್ಳೆಯದು. ನಮ್ಮಲ್ಲಿ ಹುಡುಗಿಯರದೇ ಮೇಲುಗೈ. ತಾರೆ ಎದ್ದು ಬುದ್ಧಿ ಹೇಳತೊಡಗಿದರೆ ವಾಲಿ ತಡಬಡಾಯಿಸುವುದನ್ನು ನೋಡಲು ಹೆತ್ತವರು ಬರುತ್ತಾರೆ!

ಕಲೋತ್ಸವಕ್ಕೆ ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಹೋಗಿ, ಗೆದ್ದು ಬನ್ನಿ, ಫ್ಲೆಕ್ಸೂ ಹಾಕಿ. ಆದರೆ ಪಿ.ಟಿ.ಎ. ಸಭೆಯಲ್ಲಿ ವೇಷಭೂಷಣದ ಬಾಡಿಗೆಗೆ ದುಡ್ಡು ಎತ್ತುವಾಗ ಒಂದು ಮದ್ದಳೆ ಕೊಳ್ಳುವ ಮಾತನ್ನೂ ಎತ್ತಿ. ಬಾಡಿಗೆ ಕಿರೀಟ ಮರುದಿನ ವಾಪಸು ಹೋಗುತ್ತದೆ, ಮದ್ದಳೆ ಶಾಲೆಯಲ್ಲಿ ಇರುತ್ತದೆ. ಗುರುಗಳನ್ನು ಮೂರು ತಿಂಗಳಿಗೆ ಗೊತ್ತುಮಾಡುವ ಬದಲು ವರ್ಷಕ್ಕೆ ಗೊತ್ತುಮಾಡಿ, ವಾರಕ್ಕೆ ಒಂದೇ ದಿನ ಬಂದರೂ ಸಾಕು. ಆಯ್ಕೆಯಾಗದ ಮಕ್ಕಳನ್ನು ತರಗತಿಗೆ ಅಟ್ಟಬೇಡಿ, ಅವರನ್ನು ನಮ್ಮ ಕಡೆ ಕಳಿಸಿ. ಕುಣಿಯಲು ಬಾರದವರಿಗೆ ಮಾತು ಬರುತ್ತದೆ. ಮಾತು ಬಾರದವರು ಚಕ್ರತಾಳ ಹಿಡಿಯುತ್ತಾರೆ.

ಈ ಸಲ ಪತ್ತನಾಜೆ ಕಳೆದ ಮೊದಲ ಶನಿವಾರ ಸಂಜೆ ಐದಕ್ಕೆ ಅಂಗದ ಸಂಧಾನ. ಏಳೂವರೆಗೆ ಮುಗಿಯುತ್ತದೆ, ಮೈಕ್ ಇಲ್ಲ. ಅಂಗದನಿಗೆ ಮೂರು ಮಕ್ಕಳು ಕೈ ಎತ್ತಿದ್ದಾರೆ. ರಾವಣ ಇನ್ನೂ ಸಿಕ್ಕಿಲ್ಲ.