ಹುಟ್ಟುಹಬ್ಬದ ಉಡುಗೊರೆಗೂ ಒಂದು ಪಾಠಯೋಜನೆ ಬೇಕು

ಬೋಧನಾಭ್ಯಾಸ ಮುಗಿಸಿ ಬಂದ ಪ್ರಶಿಕ್ಷಣಾರ್ಥಿಗಳ ದಿನಚರಿ ಓದುವುದು ನನ್ನ ಕೆಲಸದ ಒಂದು ಭಾಗ. ಮೈಲಿಗಲ್ಲು, ಕಲಿಕಾ ಏಣಿ, ಗುಂಪು ತಟ್ಟೆಗಳ ಬಗ್ಗೆ ಪುಟಗಟ್ಟಲೆ ಬರೆಯುವವರು ಒಂದು ವಿಷಯವನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: "ಈ ದಿನ ಒಂದು ಮಗುವಿನ ಹುಟ್ಟುಹಬ್ಬ ಇತ್ತು, ಎಲ್ಲರಿಗೂ ಚಾಕೊಲೇಟ್ ಹಂಚಿಸಲಾಯಿತು." ಆ ಒಂದು ಸಾಲಿನೊಳಗೆ ಒಂದು ಪೂರ್ತಿ ಪಾಠವಿದೆ, ಅದನ್ನು ನಾವು ಯೋಜನೆಯಿಲ್ಲದೆ ಮಾಡುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ. ಕೊಡುವುದು, ತೆಗೆದುಕೊಳ್ಳುವುದು, ಕೊಡಲಾಗದೆ ಇರುವುದು ಇವೆಲ್ಲವನ್ನೂ ಮಗು ಆ ಹತ್ತು ನಿಮಿಷದಲ್ಲಿ ಕಲಿಯುತ್ತದೆ. ಏನು ಕಲಿಯಬೇಕು ಎಂಬುದನ್ನು ಮಾತ್ರ ನಾವು ಯೋಚಿಸಿರುವುದಿಲ್ಲ.

ನಾನು ಮೇಲ್ವಿಚಾರಣೆಗೆ ಹೋಗುವುದು ಬಾಶೆಟ್ಟಿಹಳ್ಳಿ ಸುತ್ತಿನ ಶಾಲೆಗಳಿಗೆ. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಹೆದ್ದಾರಿಯ ಈ ಊರು ಈಗ ಪಟ್ಟಣ ಪಂಚಾಯಿತಿ, ಸುತ್ತಲೂ ಕೈಗಾರಿಕಾ ಪ್ರದೇಶ. ತರಗತಿಯಲ್ಲಿ ಇದೇ ಊರಿನ ಜಮೀನುದಾರರ ಮಕ್ಕಳ ಪಕ್ಕದಲ್ಲೇ ಮಗ್ಗದವರ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರ ಮಕ್ಕಳು, ರಾಯಚೂರು, ಕಲಬುರಗಿ, ಬಿಹಾರ, ಒಡಿಶಾ ಕಡೆಯಿಂದ ಬಂದು ಶೀಟಿನ ಮನೆಗಳಲ್ಲಿ ಬಾಡಿಗೆಗಿರುವವರ ಮಕ್ಕಳು ಕೂರುತ್ತಾರೆ. ಹುಟ್ಟುಹಬ್ಬದ ದಿನ ಮಗು ಸಮವಸ್ತ್ರ ಬಿಟ್ಟು ಕಲರ್ ಡ್ರೆಸ್‌ನಲ್ಲಿ ಬರುತ್ತದೆ. ಪ್ರಾರ್ಥನೆಯ ಸಾಲಿನಲ್ಲಿ ನಿಂತಾಗಲೇ ಇಡೀ ಶಾಲೆಗೆ ವಿಷಯ ತಿಳಿದಿರುತ್ತದೆ. ಎಲ್ಲರೂ ಹಾಡಿ ಚಪ್ಪಾಳೆ ತಟ್ಟುತ್ತಾರೆ, ಮಗು ಚಾಕೊಲೇಟ್ ಹಂಚುತ್ತದೆ. 35 ಮಕ್ಕಳ ತರಗತಿಗೆ ಒಂದು ರೂಪಾಯಿಯದ್ದಾದರೆ 35 ರೂಪಾಯಿ, ಹತ್ತು ರೂಪಾಯಿಯದ್ದಾದರೆ 350. ಈ ಲೆಕ್ಕವನ್ನು ಮಕ್ಕಳು ನಮಗಿಂತ ಬೇಗ ಮಾಡುತ್ತಾರೆ. "ಅವನು ಹತ್ತು ರೂಪಾಯಿದು ಕೊಟ್ಟ, ಇವಳು ಒಂದು ರೂಪಾಯಿದು" ಎಂಬ ಮಾತು ಊಟದ ಸಾಲಿನಲ್ಲೇ ಕಿವಿಗೆ ಬೀಳುತ್ತದೆ. ಕೆಲವರು ಗೆಳೆಯರಿಗೆಂದು ಪೊಟ್ಟಣ ಕಟ್ಟಿದ ಉಡುಗೊರೆ ತರುತ್ತಾರೆ. ಸಂಜೆ ಮನೆಯಲ್ಲಿ ಕೇಕ್ ಕತ್ತರಿಸುವವರು ತರಗತಿಯಲ್ಲೇ ಐದಾರು ಜನರನ್ನು ಆರಿಸಿ ಕರೆಯುತ್ತಾರೆ.

ಒಬ್ಬ ಪ್ರಶಿಕ್ಷಣಾರ್ಥಿ ತರಗತಿಯ ಗೋಡೆಗೆ ಹುಟ್ಟುಹಬ್ಬದ ಚಾರ್ಟ್ ಮಾಡುತ್ತಿದ್ದಳು. ಎರಡನೇ ತರಗತಿಯ ಒಬ್ಬ ಹುಡುಗನನ್ನು ಕೇಳಿದಾಗ ಅವನು ಹೇಳಿದ್ದು: "ಟೀಚರ್, ನಂದು ಆಗಿ ಹೋತ್ರಿ." ದಾಖಲಾತಿ ಪುಸ್ತಕ ನೋಡಿದರೆ ಅವನ ಹುಟ್ಟಿದ ದಿನ ಮುಂದಿನ ವಾರದಲ್ಲಿತ್ತು. ಆ ದಿನ ಅವನು ಶಾಲೆಗೆ ಬರಲಿಲ್ಲ. ಮರುದಿನ ಬಂದ, ಯಾವತ್ತಿನಂತೆ ಗುಂಪಿನಲ್ಲಿ ಕುಳಿತ. ಅವಳು ಇದನ್ನು ದಿನಚರಿಯಲ್ಲಿ ಬರೆದು, ಕೊನೆಯಲ್ಲಿ ನನಗೊಂದು ಪ್ರಶ್ನೆ ಇಟ್ಟಿದ್ದಳು: "ಚಾರ್ಟ್ ಹಾಕಲೇ, ಬೇಡವೇ?" ಈ ಲೇಖನ ಆ ಪ್ರಶ್ನೆಗೆ ಉತ್ತರ.

ಮೊದಲು ಒಂದು ಮಾತು ನೆನಪಿಡಬೇಕು. ತರಗತಿಯ ಹುಟ್ಟುಹಬ್ಬ ನಮ್ಮ ಸರ್ಕಾರಿ ಶಾಲೆಗಳಿಗೆ ತೀರಾ ಹಳೆಯದಲ್ಲ. ಹಿಂದಿನ ತಲೆಮಾರಿನ ಎಷ್ಟೋ ಜನರ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ಜೂನ್ 1 ಎಂದಿರುತ್ತದೆ. ಶಾಲೆಗೆ ಸೇರಿಸುವಾಗ ತಂದೆ ತಾಯಿಗೆ ದಿನಾಂಕ ತಿಳಿಯದಿದ್ದರೆ ಮೇಷ್ಟ್ರೇ ಆ ದಿನ ಬರೆದುಬಿಡುತ್ತಿದ್ದರು. ಅಂಥ ಮನೆಗಳಲ್ಲಿ ತೊಟ್ಟಿಲ ಶಾಸ್ತ್ರ, ನಾಮಕರಣ, ಕಿವಿ ಚುಚ್ಚಿಸುವುದು ಇದ್ದವು. ವರ್ಷವರ್ಷದ ಹುಟ್ಟುಹಬ್ಬ ಇರಲಿಲ್ಲ. ಆದ್ದರಿಂದಲೇ ಅದಕ್ಕೆ ತಕ್ಕ ರೀತಿ ನೀತಿ ಹಿರಿಯರಿಂದ ಬಂದಿಲ್ಲ. ಬೇಕರಿ, ಟಿವಿ ಮತ್ತು ಮೊಬೈಲ್ ಹೇಳಿದ್ದೇ ರೀತಿಯಾಗಿದೆ.

ಹಿರಿಯರಿಂದ ಬಂದಿದ್ದು ಮುಯ್ಯಿ. ಮದುವೆಯಲ್ಲಿ ಮುಯ್ಯಿ ಓದಿಸುವಾಗ ಯಾರು ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ, ಅವರ ಮನೆಯ ಕಾರ್ಯ ಬಂದಾಗ ನೋಡಿ ತಿರುಗಿಸುತ್ತಾರೆ. ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಕೊಡಬೇಕು, ಸ್ವೀಕರಿಸಬೇಕು, ತಿರುಗಿಸಬೇಕು ಎಂಬ ಮೂರು ಕಟ್ಟುಪಾಡುಗಳನ್ನು ಗುರುತಿಸಿದ. ಮುಯ್ಯಿ ಪುಸ್ತಕ ಇಟ್ಟ ಯಾವ ಮನೆಗೂ ಇದು ಹೊಸ ವಿಷಯವಲ್ಲ. ಮುಯ್ಯಿ ನಡೆಯುವುದು ಪ್ರತಿ ಮನೆಗೂ ಒಂದು ಸರದಿ ಬರುತ್ತದೆ ಎಂಬ ನಂಬಿಕೆಯ ಮೇಲೆ. ಮಕ್ಕಳ ಹುಟ್ಟುಹಬ್ಬದಲ್ಲಿ ಆ ಸರದಿ ಇಲ್ಲ. ಮನೆಯಲ್ಲಿ ಪಾರ್ಟಿ ಮಾಡದ ಮಗು ಗೆಳೆಯರ ಪಾರ್ಟಿಗಳಿಗೆ ಕೊಡುತ್ತಲೇ ಇರಬೇಕು, ಇಲ್ಲವೇ ಹೋಗದೆ ಉಳಿಯಬೇಕು. ಇನ್ನು ರಿಟರ್ನ್ ಗಿಫ್ಟ್ ಎಂಬುದು ಸಾಲವನ್ನು ಅಲ್ಲೇ ತೀರಿಸಿ ಕಳಿಸುವ ವ್ಯವಸ್ಥೆ. ಬಂದ ಮಗುವಿನ ಕೈಗೆ ಅವತ್ತೇ ಪೊಟ್ಟಣ ಕೊಟ್ಟರೆ ಖರ್ಚು ಎರಡೂ ಕಡೆ ಹೆಚ್ಚುತ್ತದೆ, ಮುಯ್ಯಿಯಲ್ಲಿದ್ದ "ಮುಂದೆ ನಮ್ಮ ಮನೆಗೂ ಬನ್ನಿ" ಎಂಬ ಎಳೆ ಮಾತ್ರ ಇರುವುದಿಲ್ಲ.

ಆದರೆ ನಮ್ಮಲ್ಲೇ ಮಕ್ಕಳಿಗೆ ಹೊಂದುವ ಎರಡು ಮಾದರಿಗಳಿವೆ. ಒಂದು, ಸಂಕ್ರಾಂತಿಯ ಎಳ್ಳು ಬೀರುವುದು. ಹುಡುಗಿಯರು ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಎಲ್ಲರೂ ಕೊಡುತ್ತಾರೆ, ಎಲ್ಲರೂ ತೆಗೆದುಕೊಳ್ಳುತ್ತಾರೆ, ಕೊಡುವ ವಸ್ತು ಹೆಚ್ಚುಕಡಿಮೆ ಒಂದೇ. ಇನ್ನೊಂದು, ಉತ್ತರ ಕರ್ನಾಟಕದ ವಿಜಯದಶಮಿಯ ಬನ್ನಿ. ಸಾಹುಕಾರನೂ ಕೂಲಿಯವನೂ ಅದೇ ಎಲೆಯನ್ನು ಬಂಗಾರವೆಂದು ಕೊಟ್ಟು ಕೈ ಮುಗಿಯುತ್ತಾರೆ. ಬೆಲೆ ಇಲ್ಲದ ಎಲೆಗೆ ಬೆಲೆ ಬರುವುದು ಅದನ್ನು ಕೊಡುವ ಮಾತಿನಿಂದ. ನಮ್ಮ ತರಗತಿಯಲ್ಲಿ ಎಳ್ಳಿನ ಕಡೆಯ ಮಕ್ಕಳೂ ಇದ್ದಾರೆ, ಬನ್ನಿಯ ಕಡೆಯ ಮಕ್ಕಳೂ ಇದ್ದಾರೆ. ತರಗತಿಯ ಉಡುಗೊರೆಗೆ ಈ ಎರಡರ ತತ್ತ್ವವೇ ಸಾಕು: ಎಲ್ಲರೂ ಕೊಡಬಲ್ಲದ್ದು, ಎಲ್ಲರಿಗೂ ಸಿಗುವಂಥದ್ದು, ಜೊತೆಗೊಂದು ಒಳ್ಳೆಯ ಮಾತು.

ಹಾಗಾದರೆ ಚಾರ್ಟ್ ಹಾಕಿ. ಆದರೆ ದಿನಾಂಕದ ಬದಲು ತಿಂಗಳು ಬರೆಯಿರಿ. ತಿಂಗಳಿಗೊಮ್ಮೆ, ಸಂಭ್ರಮ ಶನಿವಾರದಂಥ ಬ್ಯಾಗ್ ಇಲ್ಲದ ದಿನ, ಆ ತಿಂಗಳಲ್ಲಿ ಹುಟ್ಟಿದವರೆಲ್ಲರ ಹಬ್ಬ ಒಟ್ಟಿಗೆ ನಡೆಯಲಿ. ಬೇಸಿಗೆ ರಜೆಯಲ್ಲಿ ಹುಟ್ಟಿದ ಏಪ್ರಿಲ್, ಮೇ ಮಕ್ಕಳನ್ನು ಜೂನ್‌ಗೆ ಸೇರಿಸಿದರೆ ಅವರಿಗೂ ಒಂದು ದಿನ ಸಿಗುತ್ತದೆ. ಸರಿಯಾದ ದಿನಾಂಕ ಗೊತ್ತಿಲ್ಲದ ಮಗುವೂ ಒಂದು ತಿಂಗಳನ್ನು ಆರಿಸಿಕೊಳ್ಳಬಹುದು. ಉಡುಗೊರೆ ತರಗತಿಯಲ್ಲೇ ತಯಾರಾಗಲಿ: ಒಂದು ಚಿತ್ರ, ಒಣಗಿದ ಎಲೆ ಅಂಟಿಸಿದ ಕಾರ್ಡ್, ಕಾಗದದ ಹೂವು. ಅದರ ಮೇಲೆ ಒಂದು ವಾಕ್ಯ: "ನೀನು ನನಗೆ ರಬ್ಬರ್ ಕೊಟ್ಟಿದ್ದೆ, ಅದಕ್ಕೆ ನೀನು ಇಷ್ಟ." ಬರೆಯಲಾಗದವರು ಬಾಯಲ್ಲಿ ಹೇಳಲಿ. ಒಂದರಿಂದ ಮೂರನೇ ತರಗತಿಯ ಭಾಷಾ ಕಲಿಕೆಗೆ ಇದಕ್ಕಿಂತ ನಿಜವಾದ ಸಂದರ್ಭ ಯಾವುದಿದೆ?

ತೆಗೆದುಕೊಳ್ಳುವುದನ್ನೂ ಕಲಿಸಬೇಕು. ಕ್ಯಾರೊಲಿನ್ ಸಾರ್ನಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು, ಎಂಟು ಮತ್ತು ಹತ್ತು ವರ್ಷದ ಮಕ್ಕಳಿಗೆ ಮೊದಲು ಒಳ್ಳೆಯ ಉಡುಗೊರೆ, ಆಮೇಲೆ ಎಳೆಗೂಸಿನ ಆಟಿಕೆಯಂಥ ಸಪ್ಪೆ ಉಡುಗೊರೆ ಕೊಟ್ಟರು. ದೊಡ್ಡ ಮಕ್ಕಳು ನಿರಾಸೆಯನ್ನು ಅಡಗಿಸಿ ನಕ್ಕರು. ಚಿಕ್ಕವರ, ಅದರಲ್ಲೂ ಗಂಡುಮಕ್ಕಳ ಮುಖದಲ್ಲಿ ನಿರಾಸೆ ಹೆಚ್ಚಾಗಿ ಕಾಣಿಸಿತು. ಸೌಜನ್ಯ ವಯಸ್ಸಿನೊಡನೆ ಕಲಿತು ಬರುವಂಥದ್ದು. ಆದ್ದರಿಂದ "ಇದು ನನ್ನ ಹತ್ರ ಇದೆ" ಎಂದ ಒಂದನೇ ತರಗತಿಯ ಮಗುವನ್ನು ಎಲ್ಲರೆದುರು ಗದರಬೇಡಿ. ಮೊದಲೇ ಪಾತ್ರಾಭಿನಯ ಮಾಡಿಸಿ. ಕೊಟ್ಟವರ ಮುಖ ನೋಡುವುದು, ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು, ಅದರಲ್ಲಿ ಇಷ್ಟವಾದ ಒಂದು ಅಂಶ ಹುಡುಕಿ ಹೇಳುವುದು ಇವನ್ನು ಆಟದ ಹಾಗೆ ಅಭ್ಯಾಸ ಮಾಡಿಸಬಹುದು. ಯಾರಾದರೂ ಪೊಟ್ಟಣ ಕಟ್ಟಿದ ಉಡುಗೊರೆ ತಂದರೆ ಅದು ಚೀಲದಲ್ಲೇ ಇದ್ದು ಮನೆಯಲ್ಲಿ ಬಿಚ್ಚಿಕೊಳ್ಳಲಿ. ಎಲ್ಲರನ್ನೂ ಕರೆಯದ ಪಾರ್ಟಿಯ ಆಹ್ವಾನ ತರಗತಿಯೊಳಗೆ ಹಂಚುವುದು ಬೇಡ.

"ಇಷ್ಟೆಲ್ಲ ಯಾಕೆ, ಹುಟ್ಟುಹಬ್ಬವನ್ನೇ ನಿಲ್ಲಿಸಿ" ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. "ನೀನು ಹುಟ್ಟಿದ್ದು ನಮಗೆ ಸಂತೋಷ" ಎಂದು ಯಾರಾದರೂ ಹೇಳುವುದು ಎಲ್ಲ ಮಕ್ಕಳಿಗೂ ಬೇಕು, ಕೆಲವು ಮಕ್ಕಳಿಗೆ ಅದನ್ನು ಹೇಳುವ ಜಾಗ ಶಾಲೆ ಮಾತ್ರ. "ಪೋಷಕರ ಉತ್ಸಾಹಕ್ಕೆ ಅಡ್ಡ ಬರಬಾರದು" ಎನ್ನುವವರಿಗೂ ಉತ್ತರವಿದೆ. ಪಿಎಂ ಪೋಷಣ್ ಯೋಜನೆಯಲ್ಲಿ ಹುಟ್ಟುಹಬ್ಬದಂಥ ದಿನ ಪೋಷಕರು ಶಾಲೆಯ ಎಲ್ಲ ಮಕ್ಕಳಿಗೂ ವಿಶೇಷ ಊಟ ಕೊಡಲು ಅವಕಾಶವಿದೆ. ಅದರ ಹೆಸರು "ತಿಥಿ ಭೋಜನ". ಹುಟ್ಟುಹಬ್ಬಕ್ಕೆ ತಿಥಿ ಎಂದರೆ ನಮ್ಮ ಕಡೆಯ ಅಜ್ಜಿಯರು ಬೆಚ್ಚಿಬೀಳುತ್ತಾರೆ. ಹೆಸರು ಬದಲಿಸಿಕೊಂಡರೂ ಸರಿ, ಆಶಯ ಒಳ್ಳೆಯದು: ಒಂದು ಮನೆಯ ಸಂತೋಷ ಎಲ್ಲರ ತಟ್ಟೆಗೆ ಸಮನಾಗಿ ಬೀಳುತ್ತದೆ. ತರಗತಿಯ ಓದುವ ಮೂಲೆಗೆ ಒಂದು ಪುಸ್ತಕ ಕೊಡುವಂತೆಯೂ ಕೇಳಬಹುದು, ಕೊಟ್ಟವರ ಹೆಸರನ್ನು ಹಲಗೆಯ ಮೇಲೆ ಬರೆಯದೆ.

ಕೊನೆಯ ಮಾತು ಪ್ರಶಿಕ್ಷಣಾರ್ಥಿಗಳಿಗೆ, ಕೆಲವರಿಗೆ ಹಿಡಿಸದಿರಬಹುದು. ಬೋಧನಾಭ್ಯಾಸದ ಕಡೆಯ ದಿನ ಮಕ್ಕಳು ತಲಾ ಹತ್ತು ಇಪ್ಪತ್ತು ರೂಪಾಯಿ ಸೇರಿಸಿ ನಿಮಗೆ ಪೆನ್ನು, ಗೋಡೆ ಗಡಿಯಾರ, ಫೋಟೊ ಫ್ರೇಮ್ ತರುವುದು ರೂಢಿಯಾಗಿದೆ. ನೀವು ನೆಚ್ಚಿನ ನಾಲ್ಕು ಮಕ್ಕಳಿಗೆ ಜಾಮೆಟ್ರಿ ಬಾಕ್ಸ್ ಕೊಟ್ಟು ಬರುವುದೂ ಇದೆ. ಎರಡೂ ನಿಲ್ಲಬೇಕು. ದುಡ್ಡು ತರದ ಮಗು ಆ ದಿನ ನಿಮ್ಮ ಫೋಟೊದಲ್ಲಿ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತದೆ, ಗಮನಿಸಿ ನೋಡಿ. ಹೋಗುವ ಎರಡು ವಾರ ಮೊದಲೇ "ನನಗೆ ಏನೂ ತರಬೇಡಿ, ಒಂದು ಸಾಲು ಬರೆದು ಕೊಡಿ" ಎಂದು ಹೇಳಿ, ಮುಖ್ಯ ಶಿಕ್ಷಕರಿಗೂ ತಿಳಿಸಿ. ನೀವು ಬಿಟ್ಟು ಬರುವುದಿದ್ದರೆ ನಿಮ್ಮ ಬೋಧನೋಪಕರಣಗಳನ್ನು, ಓದುವ ಕಾರ್ಡುಗಳನ್ನು ಇಡೀ ತರಗತಿಗೆ ಬಿಟ್ಟು ಬನ್ನಿ.

ಮೇಲ್ವಿಚಾರಕ ಮಿತ್ರರಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ಸುತ್ತಿನ ಅವಲೋಕನ ನಮೂನೆಯಲ್ಲಿ ಒಂದು ಸಾಲು ಸೇರಿಸೋಣ: "ತರಗತಿಯಲ್ಲಿ ಕೊಡು-ಕೊಳ್ಳುವ ಸಂದರ್ಭ ಬಂದಾಗ ಪ್ರಶಿಕ್ಷಣಾರ್ಥಿ ಅದನ್ನು ಹೇಗೆ ನಿರ್ವಹಿಸಿದರು? ಆ ದಿನ ಯಾರು ಗೈರುಹಾಜರಾಗಿದ್ದರು?" ಎರಡನೆಯ ಪ್ರಶ್ನೆಗೆ ಉತ್ತರ ಹಾಜರಿ ಪುಸ್ತಕದಲ್ಲೇ ಇರುತ್ತದೆ.